ಚೌಕ ವಾಚಿನ ಕೈ

ಸುರಪುರದ ಬಸ್ ಸ್ಟ್ಯಾಂಡ್ ಎದುರಿಗೆ ಬಸವಕುಮಾರನ ಮೊಬೈಲ್ ಅಂಗಡಿ. ಪರಿಮಳಾ ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಸ್ಮಾರ್ಟ್ ವಾಚುಗಳಲ್ಲಿ ಚೌಕದ್ದೇ ಹೆಚ್ಚು ಓಡುತ್ತಿತ್ತು. ಗಿರಾಕಿಯ ಒಂದು ಕೈಗೆ ದುಂಡನೆಯದು, ಇನ್ನೊಂದಕ್ಕೆ ಚೌಕದ್ದು ಕಟ್ಟಿ, ಎರಡಕ್ಕೂ ಒಂದೇ ಮೆಸೇಜು ಕಳಿಸುತ್ತಿದ್ದಳು. ಚೌಕದಲ್ಲಿ ಅದು ಒಮ್ಮೆಗೇ ಪೂರ್ತಿ ಕಾಣುತ್ತಿತ್ತು. ದುಂಡನೆಯದರಲ್ಲಿ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಜಾಗ ಸಾಲದೆ ಬೆರಳಿನಿಂದ ಜಾರಿಸುತ್ತ ಹೋಗಬೇಕಿತ್ತು. "ಚಂದ ಬೇಕಂದ್ರ ದುಂಡಂದು ಒಯ್ರಿ, ಓದಾಕ ಬೇಕಂದ್ರ ಚೌಕ ಒಯ್ರಿ" ಅನ್ನುತ್ತಿದ್ದಳು. ತಾನೂ ಚೌಕದ್ದನ್ನೇ ಕೊಂಡು ಕಟ್ಟಿದ್ದಳು.

ಈ ಬೇಸಿಗೆಯಲ್ಲಿ ಊರಿನ ಕಸದ ಗುತ್ತಿಗೆ ಹಿಡಿದವನು ಗುಡಿಸುವ ಹೆಂಗಸರಿಗೆಲ್ಲ ವಾಚು ಕಟ್ಟಿಸಿದ. ಯಾರು ಎಲ್ಲಿ ನಿಂತರು, ಎಷ್ಟು ಹೊತ್ತು ಕೂತರು ಎಂಬುದು ಅದರಿಂದ ಅವನ ಫೋನಿಗೆ ಹೋಗುತ್ತಿತ್ತು. ಹೆಚ್ಚು ಹೊತ್ತು ಕೂತರೆ ಕೂಲಿ ಕಟ್. ಗುಡಿಸುವವರಿಗೆ ಚೌಕ, ಅವರನ್ನು ಕಾಯುವ ಸೂಪರ್‌ವೈಸರ್‌ಗೆ ದುಂಡನೆಯದು. ಪರಿಮಳಾಳ ತಾಯಿ ದೇವಕಮ್ಮನ ಕೈಗೂ ಒಂದು ಚೌಕ ಬಂತು.

ಊರು ಬೇಗನೆ ಅದಕ್ಕೊಂದು ಹೆಸರಿಟ್ಟಿತು: ಕಸದ ವಾಚು. ಕಾಲೇಜು ಹುಡುಗರು ತಮ್ಮ ಚೌಕ ವಾಚುಗಳನ್ನು ಬಿಚ್ಚಿ ಜೇಬಿಗಿಳಿಸಿದರು. ಬದಲಿಸಿಕೊಡಿ ಎಂದು ಬಂದವನೊಬ್ಬ ಅದನ್ನು ಕರ್ಚೀಫಿನಲ್ಲಿ ಸುತ್ತಿ ತಂದಿದ್ದ. ಒಳಗಿನ ಯಂತ್ರ ಒಂದೇ, ಬ್ಯಾಟರಿ ಒಂದೇ. ನಾಲ್ಕು ಮೂಲೆ ಇದ್ದದ್ದಕ್ಕೆ ವಾಚಿಗೂ ಜಾತಿ ಬಂತು.

ಒಂದು ದಿನ ಊರಿನದೇ ಭಾಗವಾದ ರಂಗಂಪೇಟೆಯ ಗೊಬ್ಬರದಂಗಡಿಯ ಶಿವರಾಜ ಮಗಳನ್ನು ಕರೆತಂದಿದ್ದ. ಹುಡುಗಿ ಎರಡನ್ನೂ ಕಟ್ಟಿ ನೋಡಿ ಚೌಕವನ್ನೇ ಇಟ್ಟುಕೊಂಡಳು. ಅಪ್ಪ ಅವಳ ಕೈ ಹಿಡಿದು ತಾನೇ ಅದನ್ನು ಬಿಚ್ಚಿದ.

"ಬ್ಯಾಡವ್ವ. ನಾಳಿ ಯಾರರ ಕಸ ತಂದು ಕೈಯಾಗ ಕೊಟ್ಟಾರು."

ಬಸವಕುಮಾರ ನಕ್ಕ. ಹುಡುಗಿಯೂ ನಕ್ಕಳು.

"ನಮ್ಮವ್ವನ ಕೈಯಾಗೂ ಇದ ಐತ್ರಿ," ಎಂದಳು ಪರಿಮಳಾ. "ಮುಂಜಾನಿ ನಿಮ್ಮ ಅಂಗಡಿ ಮುಂದ ಗುಡಿಸ್ತಾಳ. ನೀವು ಕಸ ಆಕಿ ಕೈಯಾಗ ಕೊಡಂಗಿಲ್ರಿ, ದೂರಿಂದ ಒಗೀತೀರಿ."

ಶಿವರಾಜ ವಾಚನ್ನು ಗಾಜಿನ ಮೇಲೆ ಬಿಟ್ಟು, ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡು, ಏನನ್ನೂ ಕೊಳ್ಳದೆ ಹೋದ.

ಬಸವಕುಮಾರ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಯಾರ ಮಗಳೆಂದು ತಿಳಿದೇ ಕೆಲಸ ಕೊಟ್ಟಿದ್ದು, ತನ್ನ ಮನಸ್ಸಿನಲ್ಲಿ ಅಂಥದ್ದೇನೂ ಇಲ್ಲ, ಆದರೆ ವ್ಯಾಪಾರ ನಡೆಯಬೇಕಲ್ಲ ಎಂದು ಮೆತ್ತಗೆ ತಿಳಿಸಿ ಹೇಳಿದ. ಚೌಕಗಳನ್ನೆಲ್ಲ ಕೆಳಗಿನ ಖಾನೆಗೆ ತಳ್ಳಿಸಿದ. ಆಮೇಲೆ ದುಂಡನೆಯದೊಂದನ್ನು ಡಬ್ಬಿಯಿಂದ ತೆಗೆದು ಅವಳ ಮುಂದಿಟ್ಟ.

"ಇದು ನಿನಗ, ಫ್ರೀ. ಕೈಯಾಗಿಂದು ಬಿಚ್ಚಿಡು ತಂಗಿ. ಗಿರಾಕಿ ಮೊದಲ ಕೈ ನೋಡ್ತಾರ. ಮತ್ತ ಅವ್ವನ ಸುದ್ದಿ ಇಲ್ಲಿ ತಗೀಬ್ಯಾಡ."

ವಾಚು ಚಂದವೇ ಇತ್ತು. ಕಟ್ಟಿಕೊಂಡರೆ, ನಾಳೆ ಅವ್ವ ಪೊರಕೆ ಹಿಡಿದು ಈ ಅಂಗಡಿಯ ಮುಂದೆ ಬಂದಾಗ ತಾನು ಮುಖ ತಿರುಗಿಸಬೇಕು. ಕಟ್ಟಿಕೊಳ್ಳದಿದ್ದರೆ ಮನೆ ಬಾಡಿಗೆಗೆ ಅವ್ವನ ಕೂಲಿಯೊಂದೇ. ಎರಡನ್ನೂ ಯೋಚಿಸಿದಳು.

"ಇದನ್ನ ನೀವ ಕಟಗೊಳ್ರಿ ಅಣ್ಣಾರ," ಎಂದು ಅದನ್ನು ಡಬ್ಬಿಗೆ ಹಾಕಿ, ಚಪ್ಪಲಿ ಮೆಟ್ಟಿ ಹೊರಬಿದ್ದಳು.

ಪಕ್ಕದ ಸೂಗಪ್ಪನ ಹೋಟೆಲಿನ ಹೊರಬೆಂಚಿನ ಮೇಲೆ ದೇವಕಮ್ಮ ಚಹಾಕ್ಕೆ ಕೂತಿದ್ದಳು. ನಡೆದದ್ದನ್ನು ಕೇಳಿ ಮಗಳ ಮೇಲೆಯೇ ಹರಿಹಾಯ್ದಳು.

"ಖೋಡಿ, ವಾಚಿನ ಸಲುವಾಗಿ ನೌಕರಿ ಬಿಟ್ಟು ಬಂದಿ? ನಾ ಇದನ್ನ ಯಾವಾಗ ಬಿಚ್ಚಿ ಒಗೀಲಿ ಅಂತ ಕುಂತೀನಿ, ನೀ ರೊಕ್ಕ ಕೊಟ್ಟು ಕಟಗೊಂಡಿ."

ಪರಿಮಳಾ ಪಕ್ಕದಲ್ಲಿ ಕೂತಳು. ಅಂಗಡಿಯ ಹುಡುಗಿ ಎಂದು ಸೂಗಪ್ಪ ಅವಳಿಗೆ ದಿನವೂ ಗಾಜಿನ ಗ್ಲಾಸಿನಲ್ಲಿ ಚಹಾ ಕಳಿಸುತ್ತಿದ್ದ. ಇವತ್ತು ಒಂದೇ ಬೆಂಚಿನ ಮೇಲೆ ಎರಡು ಚೌಕ ವಾಚು ಕಂಡು ಎರಡು ಕಾಗದದ ಕಪ್ಪು ತಂದಿಟ್ಟ. ಒಳಗೆ ಕೂತವರೆಲ್ಲ ಗ್ಲಾಸಿನಲ್ಲೇ ಕುಡಿಯುತ್ತಿದ್ದರು, ದುಂಡು ವಾಚಿನ ಸೂಪರ್‌ವೈಸರ್ ಕೂಡ.

ದೇವಕಮ್ಮ ಕಪ್ಪಿಗೆ ಕೈ ಚಾಚಿದಳು. ಪರಿಮಳಾ ಎರಡನ್ನೂ ಸೂಗಪ್ಪನತ್ತ ಸರಿಸಿದಳು.

"ಕಾಕಾ, ಗ್ಲಾಸಿನ್ಯಾಗ ಕೊಡ್ರಿ. ಇಬ್ಬರಿಗೂ."

ಗ್ಲಾಸು ಯಾವುದೂ ಖಾಲಿ ಇಲ್ಲ ಎಂದ ಸೂಗಪ್ಪ. ಅವನ ಬೆನ್ನ ಹಿಂದೆಯೇ ತೊಳೆದ ಗ್ಲಾಸುಗಳನ್ನು ಸಾಲಾಗಿ ಬೋರಲು ಹಾಕಿತ್ತು.

"ಖಾಲಿ ಆಗೂತನಾ ಕುಂಡ್ರತೀವಿ," ಎಂದಳು ಪರಿಮಳಾ.

ದೇವಕಮ್ಮನ ಕೈಯ ವಾಚು ಗುರ್ ಎಂದಿತು. ಒಳಗೆ ಸೂಪರ್‌ವೈಸರನ ವಾಚೂ ಗುರ್ ಎಂದಿತು. ಅವನು ದುಂಡನೆಯ ಗಾಜಿನ ಮೇಲೆ ಬೆರಳು ಜಾರಿಸುತ್ತ ಓದತೊಡಗಿದ. ದೇವಕಮ್ಮನಿಗೆ ಓದು ಬಾರದು. ಏನಂತ ಬಂದೈತಿ ಎಂದು ಕೈಯನ್ನು ಮಗಳ ಮುಂದೆ ಹಿಡಿದಳು.

"ಬಾಳ ಹೊತ್ತು ಕುಂತಿ, ಏಳು ಅಂತೈತಿ."

ದೇವಕಮ್ಮ ಬೋರಲು ಹಾಕಿದ ಗ್ಲಾಸುಗಳನ್ನು ನೋಡಿದಳು. ಸೆರಗನ್ನು ಎಳೆದು ವಾಚಿನ ಮೇಲೆ ಮುಚ್ಚಿದಳು.

"ಚಹಾ ಬರಲಿ," ಎಂದಳು.