ಬೀಟಾ ಟೇಪಿನಲ್ಲಿ ಉಳಿದ ಮಾತು

ಡೆಲ್ಫೀನಾ ಯೆಲ್ಲೋಹೇರ್ ನನ್ನ ಸೋದರತ್ತೆಯ ಮಗಳು. ನಮ್ಮ ನವಾಹೋ ಬುಡಕಟ್ಟಿನ ಜನರಲ್ಲಿ ಆ ಸಂಬಂಧವಿದ್ದವರು ಒಬ್ಬರನ್ನೊಬ್ಬರು ಗೇಲಿ ಮಾಡದೆ ಬಿಟ್ಟರೆ ಏನೋ ಮುನಿಸಿದೆ ಎಂದು ಊರು ತಿಳಿಯುತ್ತದೆ. ಹಾಗಾಗಿ ಇಪ್ಪತ್ತೇಳು ವರ್ಷ ಒಂದೇ ಶೆಡ್ಡಿನಿಂದ ಇಬ್ಬರೂ ಶಾಲಾ ಬಸ್ ಓಡಿಸಿದೆವು, ಇಪ್ಪತ್ತೇಳು ವರ್ಷವೂ ನಾನು ಅವಳ ಕೌಬಾಯ್ ಸಿನಿಮಾಗಳನ್ನು ಆಡಿಕೊಂಡೆ.

ಆಡಿಕೊಳ್ಳುವಂತೆಯೇ ಇತ್ತು. ನಮ್ಮ ಊರು ಕಯೆಂಟಾದಿಂದ ಎಂಟು ಮೈಲಿ ಮಣ್ಣು ದಾರಿಯಲ್ಲಿ ಹೋದರೆ ಅವಳ ಮನೆ. ಕರೆಂಟ್ ತಂತಿ ಅಲ್ಲಿಯವರೆಗೆ ಬಂದಿರಲಿಲ್ಲ. ನೀರನ್ನು ಪೀಪಾಯಿಯಲ್ಲಿ ಟ್ರಕ್ಕಿಗೆ ಹಾಕಿಕೊಂಡು ತರಬೇಕು. ಅಂಥ ಮನೆಯ ಒಳಗೋಡೆಗಳಲ್ಲಿ ನೆಲದಿಂದ ಸೂರಿನವರೆಗೆ ಟೇಪುಗಳು. ಎಲ್ಲರ ಮನೆಯಲ್ಲೂ ಒಂದು ಕಾಲಕ್ಕೆ ಇದ್ದ ದಪ್ಪ ವಿಡಿಯೊ ಕ್ಯಾಸೆಟ್ಟುಗಳು, ಅದಕ್ಕಿಂತ ಚಿಕ್ಕ ಗಾತ್ರದ, ಅದಕ್ಕೂ ಮೊದಲೇ ಮೂಲೆ ಸೇರಿದ ಬೀಟಾ ಟೇಪುಗಳು, ಊಟದ ತಟ್ಟೆಗಿಂತ ಅಗಲದ ಲೇಸರ್ ಡಿಸ್ಕುಗಳು. ಒಂದೊಂದನ್ನೂ ಓಡಿಸಲು ಬೇರೆಬೇರೆ ಯಂತ್ರ, ಎಲ್ಲ ಯಂತ್ರಗಳಿಗೂ ಹೊರಗೆ ಗುರುಗುಡುವ ಒಂದೇ ಜನರೇಟರ್. ಫಾರ್ಮಿಂಗ್ಟನ್‌ನಲ್ಲೋ ಕಾರ್ಟೆಜ್‌ನಲ್ಲೋ ವಿಡಿಯೊ ಅಂಗಡಿಯೊಂದು ಬಾಗಿಲು ಹಾಕುತ್ತದೆ ಎಂದು ಗೊತ್ತಾದರೆ ಸಾಕು, ಶನಿವಾರ ಬೆಳಿಗ್ಗೆ ಡೆಲ್ಫೀನಾಳ ಟ್ರಕ್ ಅದರ ಮುಂದೆ ನಿಂತಿರುತ್ತಿತ್ತು.

"ಆ ಸಿನಿಮಾಗಳಲ್ಲಿ ನಮ್ಮೋರು ಬರೀ ಕುದುರೆಯಿಂದ ಬೀಳೋದೇ ಅಲ್ವಾ? ದುಡ್ಡು ಕೊಟ್ಟು ಅದನ್ನ ನೋಡ್ಬೇಕಾ?" ಎಂದು ನಾನು ಕೇಳುತ್ತಿದ್ದೆ.

"ಬೀಳೋದೂ ಒಂದು ಕಲೆ ಭಾವ. ನೀನು ನಿಂತಿರೋ ಬಸ್ಸಿಂದ ಬಿದ್ದೋನು, ನಿನಗೇನು ಗೊತ್ತು?"

ಅವಳ ಲೆಕ್ಕ ಬೇರೆ ಇತ್ತು. ಐವತ್ತು-ಅರವತ್ತರ ದಶಕಗಳಲ್ಲಿ ನಮ್ಮ ಕೆಂಪು ಕಲ್ಲಿನ ಕಣಿವೆಗಳಿಗೆ ಸಿನಿಮಾದವರು ಬಂದಾಗಲೆಲ್ಲ ನಮ್ಮ ಅಜ್ಜಂದಿರು, ಮಾವಂದಿರು ಅವರ ಕ್ಯಾಮೆರಾ ಮುಂದೆ ಕುದುರೆ ಓಡಿಸಿದ್ದರು. ತೆರೆಯ ಮೇಲೆ ಅವರಿಗೆ ಬೇರೆ ಬುಡಕಟ್ಟಿನ ಹೆಸರು. ಮಾತಾಡುವ ಸಂದರ್ಭ ಬಂದರೆ ಮಾತ್ರ ನಮ್ಮ ಭಾಷೆಯಲ್ಲೇ ಬಾಯಿಗೆ ಬಂದದ್ದು ಹೇಳುತ್ತಿದ್ದರು. ಸಿನಿಮಾದವರಿಗೆ ಅದು ಅರ್ಥವಾಗುತ್ತಿರಲಿಲ್ಲ. ಅವರು ಏನೇನು ಹೇಳಿದರು ಎಂಬುದನ್ನೆಲ್ಲ ಡೆಲ್ಫೀನಾ ಹುಡುಕಿ ಹುಡುಕಿ ಕೇಳಿ ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಟಿವಿಯವರು ಸಮಯ ಉಳಿಸಲು ಮೊದಲು ಕತ್ತರಿಸುತ್ತಿದ್ದುದು ಇಂಥ ದೃಶ್ಯಗಳನ್ನೇ. ಹೊಸ ಡಿಸ್ಕು ಮಾಡುವವರು ಮಾತಿನ ಮೇಲೆ ಡೋಲಿನ ಸದ್ದು ಹಾಕಿಬಿಡುತ್ತಿದ್ದರು. ಮಾತು ಪೂರ್ತಿ ಉಳಿದಿದ್ದದ್ದು ಯಾರಿಗೂ ಬೇಡವಾದ ಹಳೆಯ ಟೇಪುಗಳಲ್ಲಿ ಮಾತ್ರ.

ಅವಳಿಗೆ ಸಿಗದೆ ಉಳಿದದ್ದು ಒಂದೇ. 'ಕರ್ನಲ್ ಹಾರ್ಗ್ರೋವ್‌ನ ದಂಡು.' ೧೯೫೭ರ ಬೇಸಿಗೆಯಲ್ಲಿ ನಮ್ಮ ಕಣಿವೆಯಲ್ಲೇ ತೆಗೆದದ್ದು. ಅದರಲ್ಲಿ ನಮ್ಮ ಹಸ್ಕಿ ಅಟೀನ್, ಆಗ ಇಪ್ಪತ್ತೆರಡರ ಯುವಕ, ತಲೆಗೆ ಗರಿ ಕಟ್ಟಿಕೊಂಡು ಕರ್ನಲ್‌ನ ಎದುರು ಇಡೀ ಒಂದು ನಿಮಿಷ ಮಾತಾಡುತ್ತಾನೆ. ಏನು ಮಾತಾಡಿದ ಎಂಬುದರ ಮೇಲೆ ಐವತ್ತು ವರ್ಷದಿಂದ ಊರಿನಲ್ಲಿ ಕಥೆಗಳು. ಕರ್ನಲ್‌ನ ಹೆಂಡತಿಯ ವಿಷಯ ಎತ್ತಿದ ಎಂದು ಕೆಲವರು, ಅವನ ಚಡ್ಡಿಯ ವಿಷಯ ಎಂದು ಕೆಲವರು. ಒಬ್ಬೊಬ್ಬರದು ಒಂದೊಂದು ಪಾಠ, ಪ್ರತಿ ಪಾಠವೂ ಹಿಂದಿನದಕ್ಕಿಂತ ಪೋಲಿ. ಹಸ್ಕಿಯನ್ನೇ ಕೇಳಿದರೆ, "ಮನೆ ವಿಷಯ ಏನೋ ಹೇಳಿದೆ, ಬಿಡ್ರಪ್ಪ" ಎನ್ನುತ್ತಿದ್ದ. ಜನ ಅದಕ್ಕೂ ನಗುತ್ತಿದ್ದರು.

೨೦೦೯ರ ಶರತ್ಕಾಲದಲ್ಲಿ ಡೆಲ್ಫೀನಾ ನನ್ನನ್ನು ಶೆಡ್ಡಿನ ಹಿಂದೆ ಕರೆದಳು.

"ಭಾವ, ಭಾನುವಾರ ಮೋಆಬ್‌ಗೆ ಹೋಗ್ಬೇಕು. ನಿನ್ನ ಟ್ರಕ್ಕಲ್ಲಿ. ನನ್ನದು ಅಷ್ಟು ದೂರ ತಡೆಯಲ್ಲ."

"ಯಾಕೆ, ಮದುವೆ ಗಂಡು ಸಿಕ್ಕಿದ್ನಾ?"

"ಸಿಕ್ಕಿದಾನೆ. ಎಪ್ಪತ್ತೊಂಬತ್ತು ವರ್ಷ. ಅವನ ಹತ್ರ ಕರ್ನಲ್ ಇದಾನೆ."

ಆ ಗಂಡು ವಯೋಮಿಂಗ್‌ನ ಮರ್ಲ್ ಡಿಟ್ವೈಲರ್ ಎಂಬ ನಿವೃತ್ತ ಕ್ಷೌರಿಕ. ಅವನೂ ಇಂಥದೇ ಹುಚ್ಚಿನವನು. ಹನ್ನೊಂದು ವರ್ಷದಿಂದ ಇಬ್ಬರ ನಡುವೆ ಪತ್ರ ವ್ಯವಹಾರವಿತ್ತು, ಮುಖ ನೋಡಿರಲಿಲ್ಲ. ಕರ್ನಲ್‌ನ ಸಿನಿಮಾ ಎಂಬತ್ತರ ದಶಕದ ಮೊದಲಲ್ಲಿ ಬೀಟಾ ಟೇಪಿನಲ್ಲಿ ಕೆಲವೇ ನೂರು ಪ್ರತಿ ಬಂದಿತ್ತಂತೆ. ಅದರಲ್ಲೊಂದು ಇವನ ನೆಲಮಾಳಿಗೆಯಲ್ಲಿತ್ತು. ಬದಲಿಗೆ ಅವನು ಕೇಳಿದ್ದು ಅವಳ ಬಳಿಯಿದ್ದ ಜಪಾನಿನ ಲೇಸರ್ ಡಿಸ್ಕುಗಳ ಪೆಟ್ಟಿಗೆಯನ್ನು. ಹನ್ನೆರಡು ಕೌಬಾಯ್ ಸಿನಿಮಾಗಳು, ಮೇಲಿನ ಕಾಗದ ಕೂಡ ಹರಿದಿರಲಿಲ್ಲ. ಮನೆಗೆ ಬಂದವರಿಗೆಲ್ಲ ಡೆಲ್ಫೀನಾ ಮೊದಲು ತೋರಿಸುತ್ತಿದ್ದದ್ದು ಅದನ್ನೇ. ಮೋಆಬ್‌ನವರೆಗೂ ಅದನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ನಾನು ಒಂದು ಗೇಲಿಯನ್ನೂ ಮಾಡಲಿಲ್ಲ.

ಹೋಟೆಲೊಂದರ ಮುಂದೆ ಮರ್ಲ್ ಕಾಯುತ್ತಿದ್ದ. ಬಡಕಲು ಮನುಷ್ಯ, ತಲೆಯಲ್ಲಿ ಒಂದು ಕೂದಲಿಲ್ಲ. ಅವಳ ಪೆಟ್ಟಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ, ಆಮೇಲೆ ತನ್ನ ಟೇಪನ್ನು ಕೊಡಲು ಸಂಕೋಚಪಟ್ಟ.

"ನೋಡಿ ಡೆಲ್ಫೀನಾ, ನಿಮಗೆ ಮೊದಲೇ ಹೇಳ್ಬೇಕಿತ್ತು. ಹೋದ ವಾರ ತೆಗೆದಾಗಲೇ ನೋಡಿದ್ದು. ನೆಲಮಾಳಿಗೆಗೆ ನೀರು ನುಗ್ಗಿತ್ತು. ಒಳಗೆಲ್ಲ ಬೂಷ್ಟು. ನಿಮ್ಮ ಪೆಟ್ಟಿಗೆ ನೀವು ವಾಪಸ್ ತಗೊಂಡು ಹೋಗಿ, ನಾನು ಬೇಜಾರು ಮಾಡ್ಕೊಳಲ್ಲ."

ಡೆಲ್ಫೀನಾ ಟೇಪಿನ ಮುಚ್ಚಳ ಎತ್ತಿ ಬೆಳಕಿಗೆ ಹಿಡಿದಳು. ಸುರುಳಿಯ ಅಂಚಿನಲ್ಲಿ ಹಿಟ್ಟು ಚೆಲ್ಲಿದಂತೆ ಬಿಳಿ. ನಮ್ಮ ಒಣ ಹವೆಯಲ್ಲಿ ಅಂಥದ್ದನ್ನು ನಾನು ನೋಡಿಯೇ ಇರಲಿಲ್ಲ.

"ಮಾತು ಮಾತೇ ಮರ್ಲ್. ಪೆಟ್ಟಿಗೆ ನಿಮ್ಮದು" ಎಂದಳು.

ವಾಪಸ್ ಬರುವಾಗ ನನಗೆ ತಡೆಯಲಾಗಲಿಲ್ಲ. "ಅವನೇ ಬೇಡ ಅಂದ್ನಲ್ಲ! ಹಾಳಾದ ಟೇಪಿಗೆ ಅಂಥ ವಸ್ತು ಕೊಟ್ಟೆ."

"ಡಿಸ್ಕಿನಲ್ಲಿ ಇರೋದು ಇನ್ನೆಲ್ಲಾದ್ರೂ ಸಿಗುತ್ತೆ ಭಾವ. ಇದರಲ್ಲಿ ಇರೋದು ಎಲ್ಲೂ ಇಲ್ಲ. ಸುಮ್ನೆ ರಸ್ತೆ ನೋಡು."

ಹಾಗೆಯೇ ಯಂತ್ರಕ್ಕೆ ಹಾಕಿದರೆ ಟೇಪೂ ಹೋಗುತ್ತದೆ, ಯಂತ್ರವೂ ಹೋಗುತ್ತದೆ. ಅವಳು ಟೇಪಿನ ಹೊರಕವಚವನ್ನು ಬಿಚ್ಚಿದಳು. ಸುರುಳಿಗಳನ್ನು ಹೊರಗೆ ತೆಗೆದು, ಸ್ಪಿರಿಟ್ ಸೋಕಿಸಿದ ಮೆದು ಬಟ್ಟೆಯ ನಡುವೆ ಟೇಪನ್ನು ಹಿಡಿದು ಕೈಯಿಂದಲೇ ಒಂದು ಸುರುಳಿಯಿಂದ ಇನ್ನೊಂದಕ್ಕೆ ಸುತ್ತತೊಡಗಿದಳು. ಒಂದೊಂದು ಗೇಣಿಗೂ ಬಟ್ಟೆ ಬದಲಾಯಿಸಬೇಕು. ನೂರೈವತ್ತು ಮೀಟರ್ ಉದ್ದದ ಟೇಪು, ಎರಡೂ ಮುಖ. ಬೂಷ್ಟಿನ ಧೂಳು ಒಳಗೆ ಹೋಗಬಾರದೆಂದು ಬಾಯಿಗೆ ಬಟ್ಟೆ ಕಟ್ಟಿಕೊಂಡು ಅಂಗಳದಲ್ಲೇ ಕೂರುತ್ತಿದ್ದಳು. ಬಸ್ಸಿನ ಬೆಳಗಿನ ಸುತ್ತು ಮುಗಿದ ಮೇಲೆ, ಮಧ್ಯಾಹ್ನದ ಸುತ್ತಿಗೆ ಮೊದಲು, ದಿನಕ್ಕೆ ಮೂರು ಗಂಟೆ. ಗಾಳಿ ಎದ್ದ ದಿನ ಕೆಲಸವಿಲ್ಲ. ಮೂವತ್ತನೆಯ ಮೀಟರಿನ ಹತ್ತಿರ ಟೇಪು ತುಂಡಾಯಿತು. ನಾನು ಅಲ್ಲೇ ಇದ್ದೆ. ಅವಳು ಅರ್ಧ ನಿಮಿಷ ಕಣ್ಣು ಮುಚ್ಚಿದಳು. ಆಮೇಲೆ ಬ್ಲೇಡಿನಿಂದ ತುದಿಗಳನ್ನು ಓರೆ ಕತ್ತರಿಸಿ, ಬೆನ್ನಿಗೆ ಅಂಟುಪಟ್ಟಿ ಹಚ್ಚಿ, ಉಗುರಿನಿಂದ ಉಜ್ಜಿ ಕೂರಿಸಿದಳು. ಅವಳ ದಪ್ಪ ಬೆರಳುಗಳು ಅಷ್ಟು ಹಗುರವಾಗಿ ಓಡಾಡಿದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಅಂದಿನಿಂದ ನಾನೂ ಹೋಗಿ ಸುರುಳಿ ಹಿಡಿಯತೊಡಗಿದೆ.

ಆರು ವಾರ ಹಿಡಿಯಿತು. ಮುಗಿದ ಮೇಲೆ ಸುರುಳಿಗಳನ್ನು ಬೇರೊಂದು ಸ್ವಚ್ಛ ಕವಚಕ್ಕೆ ಕೂರಿಸಿದಳು. ತಾನೊಬ್ಬಳೇ ಮೊದಲು ನೋಡಬಹುದಿತ್ತು, ನೋಡಲಿಲ್ಲ. "ಎಷ್ಟು ಸಲ ಓಡುತ್ತೋ ಗೊತ್ತಿಲ್ಲ. ಮೊದಲ ಸಲಾನೇ ಎಲ್ಲರೂ ಇರಲಿ" ಎಂದಳು.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಊರಿನ ಸಭಾಮನೆಯಲ್ಲಿ ಎಂಬತ್ತು ಜನ ಸೇರಿದರು. ಕುರಿಮಾಂಸದ ಸಾರು, ಕರಿದ ರೊಟ್ಟಿ, ದೊಡ್ಡ ಪಾತ್ರೆಯಲ್ಲಿ ಕಾಫಿ. ಹಸ್ಕಿ ಅಜ್ಜ ಮುಂದಿನ ಸಾಲಿನಲ್ಲಿ ವೆಲ್ವೆಟ್ ಅಂಗಿ ತೊಟ್ಟು ಕೂತ. ಅವನ ತಂಗಿ ಲೆಟಾ ಐದು ಸಾಲು ಹಿಂದೆ ಕೂತಳು. ಅವರಿಬ್ಬರೂ ಯಾವಾಗಲೂ ಹಾಗೆಯೇ. ಮೂರು ಮೈಲಿ ಅಂತರದಲ್ಲಿ ಮನೆ, ಹೋಗಿಬರುವುದೂ ಇತ್ತು, ಕೂತು ಮಾತಾಡಿದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ. ಲೆಟಾ ಒಂಬತ್ತರ ಹುಡುಗಿಯಾಗಿದ್ದಾಗ ಕ್ಷಯ ಹಿಡಿದು ದೂರದ ಪಟ್ಟಣದ ಆಸ್ಪತ್ರೆಗೆ ಸೇರಿ, ಮೂರು ವರ್ಷ ಅಲ್ಲೇ ಇದ್ದು ಬಂದವಳು. ಬಂದಾಗ ನಮ್ಮ ಭಾಷೆ ಅರ್ಧ ಮರೆತಿದ್ದಳು.

ಡೆಲ್ಫೀನಾ ಎದ್ದು ನಿಂತು, "ಇದರಲ್ಲಿ ಈಗ ನಮ್ಮ ಜೊತೆ ಇಲ್ಲದೋರೂ ಕಾಣ್ತಾರೆ. ನೋಡೋದು ಬೇಡ ಅನ್ನೋರು ಆಚೆ ಕಾಫಿ ಕುಡೀರಿ, ಯಾರೂ ಏನೂ ಅಂದ್ಕೊಳಲ್ಲ" ಎಂದಳು. ತೀರಿಹೋದವರ ಮುಖ ನೋಡುವುದು, ದನಿ ಕೇಳುವುದು ಒಳ್ಳೆಯದಲ್ಲ ಎಂಬ ನಂಬಿಕೆ ನಮ್ಮಲ್ಲಿ ಹಲವರಿಗಿದೆ. ಹತ್ತು ಹನ್ನೆರಡು ಮಂದಿ ಎದ್ದು ಹೋದರು. ಉಳಿದವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

ಚಿತ್ರ ಅಲ್ಲಲ್ಲಿ ನಡುಗಿತು, ಬಣ್ಣ ಮಾಸಿತ್ತು, ಆದರೆ ಓಡಿತು. ಮುಕ್ಕಾಲು ಗಂಟೆಯ ಹೊತ್ತಿಗೆ ಗರಿಯ ಕಿರೀಟ ತೊಟ್ಟ ಹಸ್ಕಿ ಕುದುರೆಯಿಂದ ಇಳಿದ. ತೆರೆಯ ಮೇಲಿನ ಯುವಕ ಕೈಯೆತ್ತಿ, ಮುಖ ಗಂಟಿಕ್ಕಿ, ನಮ್ಮ ಭಾಷೆಯಲ್ಲಿ ಗುಡುಗಿದ:

"ಈ ಕರ್ನಲ್‌ನ ಮೀಸೆಯ ಅಂಟು ಬಿಟ್ಟಿದೆ. ಬೆಳಗ್ಗಿಂದ ನೋಡ್ತಿದೀನಿ, ಯಾರೂ ಅವನಿಗೆ ಹೇಳ್ತಿಲ್ಲ."

ಸಭಾಮನೆ ನಗೆಯಿಂದ ಅದುರಿತು. ನಗೆಯಲ್ಲಿ ಮುಂದಿನ ಮಾತು ಮುಳುಗಿಹೋಗುತ್ತಿತ್ತು. ಡೆಲ್ಫೀನಾ ಕೈ ಎತ್ತಿ ಸುಮ್ಮನಾಗಿಸಿದಳು. ಯುವಕ ಅದೇ ಗಂಟುಮುಖದಲ್ಲಿ ಕರ್ನಲ್‌ನನ್ನು ದುರುಗುಟ್ಟುತ್ತ ಹೇಳುತ್ತಿದ್ದ:

"ತಂಗೀ, ಈ ಸಿನಿಮಾ ಪಟ್ಟಣಗಳಿಗೆಲ್ಲ ಹೋಗುತ್ತಂತೆ. ನಿಮ್ಮ ಆಸ್ಪತ್ರೆಗೂ ಬರಬಹುದು, ಅದಕ್ಕೇ ಇಲ್ಲಿಂದ ಹೇಳ್ತಿದೀನಿ. ಅಮ್ಮ ಚೆನ್ನಾಗಿದಾಳೆ. ನಿನ್ನ ಬಿಳಿ ಮೂತಿ ಕುರಿ ಎರಡು ಮರಿ ಹಾಕಿದೆ, ಎರಡೂ ಹೆಣ್ಣು, ಎರಡೂ ನಿಂದೇ. ನಮಗ್ಯಾರಿಗೂ ಬರೆಯೋಕೆ ಬರಲ್ಲ. ಅದಕ್ಕೆ ಕಾಗದ ಇಲ್ಲ. ಮರೆತುಬಿಟ್ರು ಅಂದ್ಕೋಬೇಡ. ಕೊಟ್ಟಿದ್ದು ತಿನ್ನು. ಬೇಗ ವಾಸಿ ಮಾಡ್ಕೊ."

ತೆರೆಯ ಮೇಲೆ ದುಭಾಷಿಯ ವೇಷದ ನಟ ಕರ್ನಲ್ ಕಡೆ ತಿರುಗಿ, "ಹುಲ್ಲು ರಕ್ತದಿಂದ ಕೆಂಪಾಗುತ್ತದೆ ಎನ್ನುತ್ತಿದ್ದಾನೆ" ಎಂದು ಅನುವಾದಿಸಿದ. ಈ ಸಲ ಯಾರೂ ನಗಲಿಲ್ಲ. ಡೆಲ್ಫೀನಾ ಯಂತ್ರ ನಿಲ್ಲಿಸಿದಳು.

ಲೆಟಾ ಎದ್ದು, ಮಂಡಿಯ ಮೇಲೆ ಕೈಯೂರಿಕೊಂಡು, ಸಾಲು ದಾಟಿ ಮುಂದೆ ಬಂದು ಅಣ್ಣನ ಪಕ್ಕದ ಕುರ್ಚಿಯಲ್ಲಿ ಕೂತಳು.

"ನಮಗೆ ಅಲ್ಲಿ ಕಾರ್ಟೂನ್ ಮಾತ್ರ ತೋರಿಸ್ತಿದ್ರು ಅಣ್ಣ" ಎಂದಳು.

ಹಸ್ಕಿ ಅಜ್ಜ ತನ್ನ ಟೋಪಿಯನ್ನೇ ನೋಡುತ್ತಿದ್ದ. "ನೀನು ವಾಪಸ್ ಬಂದಾಗ ಕುರಿ ವಿಷಯ ಕೇಳ್ತೀಯ ಅಂತ ಕಾದೆ. ಕೇಳಲಿಲ್ಲ. ಸಿನಿಮಾ ನೋಡಿದಾಳೆ, ಆದ್ರೂ ಬೇಜಾರಲ್ಲಿದಾಳೆ ಅಂದ್ಕೊಂಡೆ. ನಿನ್ನ ಬೇಜಾರು ನ್ಯಾಯಾನೇ ಅನ್ನಿಸ್ತು."

"ಮೂರು ವರ್ಷ ಒಂದು ಸುದ್ದಿ ಇಲ್ಲ. ಯಾರಿಗೂ ಬೇಡವಾದೆ ಅಂತಾನೇ ಇದ್ದೆ. ಇಷ್ಟು ವರ್ಷಾನೂ."

"ನೀನು ನೋಡಿಲ್ಲ ಅಂತ ಗೊತ್ತಿದ್ದಿದ್ರೆ ಹೇಳ್ತಿದ್ದೆ."

"ಹೌದು, ಹೇಳ್ತಿದ್ದೆ. ಕರ್ನಲ್‌ಗೆ ಹೇಳೋಕಾಯ್ತು, ಮೂರು ಮೈಲಿ ನಡೆದು ಬಂದು ನನಗೆ ಹೇಳೋಕಾಗಲಿಲ್ಲ" ಎಂದು ಲೆಟಾ ಅವನ ತೋಳಿಗೆ ಗುದ್ದಿದಳು. ಆಮೇಲೆ ಆ ಕೈಯನ್ನು ಅಲ್ಲೇ ಇಟ್ಟಳು. "ಆ ಎರಡು ಮರಿ ಏನಾದ್ವು?"

"ಒಂದು ತುಂಬ ದಿನ ಬದುಕಿತ್ತು. ಇನ್ನೊಂದು..." ಹಸ್ಕಿ ಅಜ್ಜ ಗಂಟಲು ಸರಿಮಾಡಿಕೊಂಡ. "ಇನ್ನೊಂದನ್ನ ನೀನು ಬಂದ ದಿನ ಕಡಿದ್ವಿ. ನೀನೇ ಚಪ್ಪರಿಸಿಕೊಂಡು ತಿಂದೆ."

ಆಗ ಲೆಟಾ ನಕ್ಕಳು. ಕಣ್ಣೀರು ಒರೆಸಿಕೊಳ್ಳುತ್ತಲೇ ನಕ್ಕಳು, ಅವಳನ್ನು ನೋಡಿ ಇಡೀ ಸಭಾಮನೆ ನಕ್ಕಿತು. ನಾನು ಡೆಲ್ಫೀನಾಳ ಕಡೆ ತಿರುಗಿದೆ. ಅವಳು ಬೆನ್ನು ತಿರುಗಿಸಿ ಯಂತ್ರದ ವೈರುಗಳನ್ನು ಸರಿ ಮಾಡುತ್ತಿದ್ದಳು. ವೈರುಗಳಿಗೇನೂ ಆಗಿರಲಿಲ್ಲ.

"ಇನ್ನೊಂದು ಸಲ ಹಾಕಮ್ಮ" ಎಂದು ಲೆಟಾ ಕೇಳಿದಾಗ ಡೆಲ್ಫೀನಾ ಒಪ್ಪಲಿಲ್ಲ. "ಮೊದಲು ಪ್ರತಿ ತೆಗೀತೀನಿ ಅಕ್ಕ. ಆಮೇಲೆ ಸವೆಯೋವರೆಗೂ ನೋಡು." ಆ ವಾರವೇ ಪ್ರತಿ ತೆಗೆದಳು. ಲೆಟಾಳ ಮನೆಯಲ್ಲಿ ಅದನ್ನು ಓಡಿಸುವ ಯಂತ್ರವಿರಲಿಲ್ಲ, ಅದಕ್ಕೆ ತನ್ನದೊಂದನ್ನು ಕೊಟ್ಟಳು. ಮರ್ಲ್‌ಗೆ ನಡೆದದ್ದನ್ನೆಲ್ಲ ಬರೆದಳು. ಅವನು ಡಿಸ್ಕುಗಳನ್ನು ಹಿಂದಿರುಗಿಸಲಿಲ್ಲ, ಅವಳೂ ಕೇಳಲಿಲ್ಲ. ಆದರೆ ತನ್ನ ನೆಲಮಾಳಿಗೆಯಲ್ಲಿ ಉಳಿದಿದ್ದ ಬೀಟಾ ಟೇಪುಗಳ ಪಟ್ಟಿಯನ್ನು ಏಳು ಹಾಳೆ ತುಂಬ ಬರೆದು ಕಳಿಸಿದ.

ಸುದ್ದಿ ಹಬ್ಬಿತು. ವಸಂತ ಬರುವಷ್ಟರಲ್ಲಿ ದೂರದೂರದಿಂದ ಟ್ರಕ್ಕುಗಳು ಆ ಮಣ್ಣು ದಾರಿಯಲ್ಲಿ ಬರತೊಡಗಿದವು. ತಮ್ಮ ಚಿಕ್ಕಪ್ಪ ಯಾವುದೋ ಸಿನಿಮಾದಲ್ಲಿದ್ದನಂತೆ ಎಂದು ಒಬ್ಬರು, ತಮ್ಮ ಅಜ್ಜ ಏನೋ ಹೇಳಿದ್ದನಂತೆ ಎಂದು ಇನ್ನೊಬ್ಬರು. ನಾನು ಗೇಲಿ ಬಿಡಲಿಲ್ಲ, ಬಿಟ್ಟರೆ ಅವಳೇ ಹೆದರುತ್ತಿದ್ದಳು. ಆದರೆ ಶನಿವಾರಗಳಂದು ಜನರೇಟರಿಗೆ ಪೆಟ್ರೋಲು ತುಂಬಿಸುವುದು ನನ್ನ ಕೆಲಸವಾಯಿತು.

ಏಪ್ರಿಲ್‌ನಲ್ಲಿ ಡೆನ್ನೆಹಾಟ್ಸೊ ಕಡೆಯ ಹೆಂಗಸೊಬ್ಬಳು ಬಂದಳು. ಕೈಯಲ್ಲಿ ಮಸುಕಾದ ಒಂದು ಫೋಟೊ. ಕುದುರೆಯ ಮೇಲೆ ಒಬ್ಬ ಮನುಷ್ಯ, ಮುಖದ ಮೇಲೆ ಟೋಪಿಯ ನೆರಳು.

"ನಮ್ಮಮ್ಮನ ತಮ್ಮ. ತೀರಿಕೊಂಡು ಬಹಳ ವರ್ಷ ಆಯ್ತು. ನಾನು ನೋಡಲ್ಲ, ದನಿಯೂ ಕೇಳಲ್ಲ. ಏನು ಹೇಳಿದಾರೆ ಅನ್ನೋದನ್ನ ಮಾತ್ರ ಬರೆದು ಕೊಡ್ತೀರಾ? ಸಿನಿಮಾ ಹೆಸರು ಗೊತ್ತಿಲ್ಲ."

ಡೆಲ್ಫೀನಾ ಫೋಟೊವನ್ನು ಕಿಟಕಿಯ ಬಳಿ ಒಯ್ದಳು. ಮನುಷ್ಯನನ್ನಲ್ಲ, ಕುದುರೆಯ ಜೀನಿನ ಕೆಳಗಿನ ಕಂಬಳಿಯ ಅಂಚನ್ನು ನೋಡಿದಳು. ಮೆಟ್ಟಿಲ ಆಕಾರದ ಮೂರು ಪಟ್ಟೆ, ಒಂದು ಮೂಲೆ ಹೊಲಿದದ್ದು. ಒಳಗೋಡೆಗೆ ಹೋಗಿ, ಸ್ಟೂಲ್ ಹತ್ತಿ, ಮೇಲಿನಿಂದ ಎರಡನೆಯ ಸಾಲಿಗೆ ಕೈಹಾಕಿ ಒಂದು ಟೇಪು ತೆಗೆದಳು.

"ಕೂತ್ಕೊ ತಂಗಿ, ಕಾಫಿ ಕುಡಿ" ಎಂದಳು. "ಅರ್ಧ ಗಂಟೇಲಿ ಬರೆದು ಕೊಡ್ತೀನಿ. ಭಾವ, ಬಾಗಿಲು ಹಾಕು, ಇವಳಿಗೆ ದನಿ ಕೇಳಿಸಬಾರದು."