ನಸೀಮತ್ತಿಗೆ ಕರೆಯಬೇಕಿದ್ದ ಹೆಸರು

ಒಂದೂರಲ್ಲಿ ಒಬ್ಬ ರಾಜನಿದ್ದ, ಅವನ ಕೋಟೆ ಪೂರ್ತಿ ಗಾಜಿನದು. ಕೋಟೆ ಕಟ್ಟಲು ಹೊರಗಿನಿಂದ ಬಂದವರನ್ನು ಆ ಊರಿನವರು ಒಂದೇ ಮಾತಿನಿಂದ ಹುಳ ಮಾಡಿಬಿಡುತ್ತಿದ್ದರು. ತುಂಬಿದ ಸಭೆಯಲ್ಲಿ ಒಡಹುಟ್ಟಿದವರು ಎದ್ದು ಹೆಸರು ಹಿಡಿದು ಕರೆದರೆ ಮಾತ್ರ ಹುಳ ಮತ್ತೆ ಮನುಷ್ಯನಾಗುತ್ತಿತ್ತು. ಕರೆದೇ ಕರೆಯುತ್ತೇನೆಂದು ಒಬ್ಬ ಅಕ್ಕ ತಮ್ಮನಿಗೆ ಮಾತು ಕೊಟ್ಟಳು. ಅಜ್ಜಿ ಆಚುಮ್ಮ ಇಷ್ಟು ಹೇಳುವಷ್ಟರಲ್ಲಿ ನನಗೆ ನಿದ್ದೆ ಬಂದಿರುತ್ತಿತ್ತು. ಉಳಿದದ್ದನ್ನು ಗಲ್ಫಿನಲ್ಲಿ, ಡಿಸ್ಕವರಿ ಗಾರ್ಡನ್ಸ್ ಬಡಾವಣೆಯ ನಮ್ಮ ಮನೆಯಲ್ಲಿ ಕಣ್ಣಾರೆ ಕಂಡೆ.

ಆದಿತ್ಯವಾರ ನಮ್ಮಲ್ಲಿ, ಇಲ್ಲಿರುವ ನಮ್ಮ ಊರಿನವರಿಗೆಲ್ಲ ಊಟ. ಅಣ್ಣ ಶಹೀರ್ ಇವರೆಲ್ಲರ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಒಂದೇ ಕೋಣೆಯಲ್ಲಿ ಹತ್ತಾರು ಜನ ಬೆಡ್‌ಸ್ಪೇಸ್ ಹಿಡಿದು ಮಲಗುವ ಕೆಲಸಗಾರರಿಗೆ ಗ್ರೂಪಿನವರು ಇಟ್ಟ ಹೆಸರು ‘ತಿಗಣೆ’. ಬಸ್ಸಿನಲ್ಲಿ ಪಕ್ಕ ಕೂತರೆ ತಿಗಣೆ, ಮಾಲಿನಲ್ಲಿ ಸುಮ್ಮನೆ ತಿರುಗಿದರೆ ತಿಗಣೆ. ಫೋಟೋ ತೆಗೆದು ಸ್ಟಿಕ್ಕರ್ ಮಾಡಿ ನಗುವುದು ಬೆಳಗಿನ ಸಲಾಮಿನಷ್ಟೇ ರೂಢಿಯಾಗಿತ್ತು.

ಅಣ್ಣನ ಹೆಂಡತಿ ನಸೀಮತ್ತಿಗೆಯ ತಮ್ಮ ಹಿಶಾಮ್, ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅವನೂ ಬೆಡ್‌ಸ್ಪೇಸಿನವನೇ. ‘ನನ್ನ ತಮ್ಮ ಒಂದು ಕಂಪೆನಿಯಲ್ಲಿದ್ದಾನೆ’ ಎಂದಷ್ಟೇ ಅತ್ತಿಗೆ ಎಲ್ಲರಿಗೂ ಹೇಳಿದ್ದರು. ಒಂದು ಆದಿತ್ಯವಾರ ಅವನು ಓವರ್‌ಟೈಮ್ ಮುಗಿಸಿ, ತಾಯಿ ಊರಿನಿಂದ ಕಳಿಸಿದ ಹಲಸಿನ ಹಪ್ಪಳ ಹಿಡಿದು, ಗ್ರೀಸ್ ಹತ್ತಿದ ಬಟ್ಟೆಯಲ್ಲೇ ಬಂದ. “ಗೆಸ್ಟ್ ಹೋಗುವವರೆಗೆ ಕೆಳಗೇ ಕೂತಿರು,” ಎಂದು ಅತ್ತಿಗೆ ಫೋನಿನಲ್ಲಿ ಹೇಳಿದರು. ಲಾಬಿಯ ತಂಪಿಗೆ ಅವನು ಬಾಯಿ ತೆರೆದು ನಿದ್ದೆಹೋದ. ನಮ್ಮಲ್ಲಿ ಉಂಡು ಇಳಿದ ಝುಲೈಖ ಎಂಬಾಕೆ ಫೋಟೋ ತೆಗೆದು ಗ್ರೂಪಿಗೆ ಹಾಕಿದಳು: ‘ಇಲ್ಲಿಗೂ ತಿಗಣೆ ಬಂತು, ಸ್ಪ್ರೇ ತನ್ನಿ.’

ಸಂಜೆಯೊಳಗೆ ಅದು ಸ್ಟಿಕ್ಕರ್ ಆಯಿತು. ಯಾರಿಗೂ ಸಂಶಯ ಬಾರದಿರಲಿ ಎಂದು ಅತ್ತಿಗೆಯೂ ನಗುವ ಮುಖ ಒತ್ತಿದರು.

ಮರುದಿನ ಹಿಶಾಮ್ ಫೋನ್ ಮಾಡಿದ. “ಅಕ್ಕಾ, ನಾನು ಚಂದ ಬಂದಿದ್ದೇನೆ ಅಲ್ವಾ? ನಮ್ಮ ರೂಮಿಗೂ ಬಂತು ಅದು.”

ಅತ್ತಿಗೆ ಅತ್ತುಬಿಟ್ಟರು. “ಬರುವ ಆದಿತ್ಯವಾರ ನಿನ್ನನ್ನು ಎಲ್ಲರ ನಡುವೆ ಕೂರಿಸಿ, ನನ್ನ ತಮ್ಮ ಅಂತ ಹೇಳ್ತೇನೆ. ನನ್ನಾಣೆ.”

“ಆಯ್ತು. ನೀನು ಕರೆದ ದಿನ ಬರ್ತೇನೆ.”

“ಅದನ್ನು ಹೇಳಿ ಎಂತ ಮಾಡುದು?” ಎಂದರು, ಕೇಳುತ್ತ ಕೂತಿದ್ದ ನಮ್ಮ ತಂದೆ ಅಲಿಯಬ್ಬ. “ನಾಳೆ ನಮ್ಮನ್ನೇ ತಿಗಣೆ ಅಂತಾರೆ.”

“ಬಾಪ, ನೀವೂ ಇಲ್ಲಿಗೆ ಬಂದ ಹೊಸದರಲ್ಲಿ ಮುರಕ್ಕಬಾತಿನಲ್ಲಿ ಬೆಡ್‌ಸ್ಪೇಸಿನಲ್ಲೇ ಇದ್ದದ್ದಲ್ವಾ?” ಎಂದೆ.

“ಇದ್ದೆ. ಅದನ್ನು ಮರೀಲಿಕ್ಕೇ ಇಷ್ಟು ವರ್ಷ ದುಡಿದದ್ದು.”

“ಬರೇ ತಮಾಷೆ ಮಾರಾಯ್ತಿ,” ಅಣ್ಣ ಹೇಳಿದ. “ಎರಡು ದಿನ, ಮತ್ತೆ ಖಲಾಸ್.”

“ತಮಾಷೆಯಾದ್ರೆ ಅದರ ಕೆಳಗೆ ನಿನ್ನ ಭಾವಮೈದನ ಹೆಸರು ಹಾಕು. ನೀನೇ ಅಡ್ಮಿನ್ ಅಲ್ವಾ?” ಎಂದೆ.

ಅಣ್ಣ ಟಿವಿಯ ಸದ್ದು ಹೆಚ್ಚಿಸಿದ.

ಆ ಆದಿತ್ಯವಾರ ಅಣ್ಣನ ಮ್ಯಾನೇಜರ್ ಊಟಕ್ಕಿದ್ದರು. ಅದರ ಮುಂದಿನ ವಾರ ಅತ್ತಿಗೆಗೆ ತಲೆನೋವು. ಬೇಸಿಗೆ ಏರಿತು, ತಮ್ಮನಿಗೆ ಕರೆ ಹೋಗಲೇ ಇಲ್ಲ. ಕೊನೆಗೆ ಅವನದೇ ರೂಮಿನ ಶರ್ವಿನ್ ಆಸ್ಪತ್ರೆಯಿಂದ ಅತ್ತಿಗೆಗೆ ಫೋನ್ ಮಾಡಿದ.

“ಬಿಸಿಲಿಗೆ ಜ್ವರ ಹಿಡಿದಿತ್ತು. ನಿನ್ನೆಯೇ ಅಕ್ಕನ ಮನೆಗೆ ಹೋಗು ಮಾರಾಯ ಅಂದೆ. ‘ಇವತ್ತು ಆದಿತ್ಯವಾರ, ಅಲ್ಲಿ ಜನ ಇರ್ತಾರೆ, ನಾಳೆ ಹೋಗ್ತೇನೆ’ ಅಂದ. ಬೆಳಿಗ್ಗೆ ಎಬ್ಬಿಸಿದ್ರೆ ಏಳಲಿಲ್ಲ.”

ಅಣ್ಣ ಗ್ರೂಪಿನಲ್ಲಿ ಬರೆದ: ‘ಊರಿನಲ್ಲಿ ಪತ್ನಿಯ ಸಂಬಂಧಿಕರೊಬ್ಬರ ನಿಧನ.’

ಆದಿತ್ಯವಾರ ಎಲ್ಲರೂ ಸಂತಾಪ ಹೇಳಲು ಬಂದರು. ಸೋಫಾ ತುಂಬಿ ಚಾಪೆಯೂ ತುಂಬಿತು. ಝುಲೈಖ ಅತ್ತಿಗೆಯ ಕೈ ಹಿಡಿದು, “ಯಾರು ಹೋದದ್ದು ನಸೀಮ? ತುಂಬ ಪ್ರಾಯ ಆಗಿತ್ತಾ?” ಎಂದಳು.

ಅತ್ತಿಗೆ ಕೈ ಬಿಡಿಸಿಕೊಂಡು ಎದ್ದು ನಿಂತರು. ಫೋನಿನಲ್ಲಿ ಆ ಸ್ಟಿಕ್ಕರ್ ತೆರೆದು ಚಹಾದ ಲೋಟಗಳ ನಡುವೆ ಇಟ್ಟರು.

“ಇವನು. ನನ್ನ ತಮ್ಮ. ಊರಲ್ಲಿ ಅಲ್ಲ, ಇಲ್ಲೇ ಸತ್ತದ್ದು. ಅವತ್ತು ಅವನನ್ನು ಕೆಳಗೆ ಕೂರಿಸಿದ್ದು ನಾನೇ. ನೀವೆಲ್ಲ ನಗುವಾಗ ನಾನೂ ನಕ್ಕಿದ್ದೇನೆ.”

ಅಣ್ಣ “ನಸೀಮ, ಸಾಕು” ಎಂದ. ಅವರು ಅವನ ಕಡೆ ನೋಡಲೂ ಇಲ್ಲ. ಬಾಗಿಲಿಗೆ ಮುಖ ಮಾಡಿ, ಊಟಕ್ಕೆ ಕರೆಯುವ ದನಿಯಲ್ಲಿ, “ಹಿಶಾಮ್” ಎಂದು ಕರೆದರು.