ಸಂತಾಪ ಪುಸ್ತಕದ ಅರವತ್ತೆಂಟನೇ ಪುಟ

ಒಂದು ಕಾಲಕ್ಕೆ ದೇಶವನ್ನಾಳಿದ, ಎಲ್ಲರೂ ಹಿರಿಯರು ಎಂದೇ ಕರೆಯುತ್ತಿದ್ದ ನಾಯಕರು ತೀರಿಕೊಂಡ ಮಾರನೆಯ ದಿನ ನಗರಸಭೆಯ ಹಜಾರದಲ್ಲಿ ಅವರ ದೊಡ್ಡ ಫೋಟೋ ಇಟ್ಟು, ಮುಂದಿನ ಮೇಜಿನ ಮೇಲೆ ಸಂತಾಪ ಪುಸ್ತಕ ತೆರೆದರು. ಪುಸ್ತಕದ ಪಕ್ಕ ಯಾರನ್ನು ಕೂರಿಸುವುದು ಎಂಬ ಪ್ರಶ್ನೆಯೇ ಏಳಲಿಲ್ಲ. ಮೂರನೇ ಕಿಟಕಿಯ ಗುಮಾಸ್ತನ ಅಕ್ಷರ ಮುತ್ತು ಪೋಣಿಸಿದ ಹಾಗಿರುತ್ತದೆಂದು ಇಡೀ ಕಚೇರಿ ಅವನನ್ನು ಕರೆಯುವುದೇ ಮುತ್ತಣ್ಣ ಎಂದು. ಬಂದವರಿಗೆ ಪೆನ್ನು ಕೊಡಬೇಕು, ಬರೆಯಲು ಬಾರದವರು ಹೇಳಿದ್ದನ್ನು ಬರೆದುಕೊಂಡು ಕೆಳಗೆ ಹೆಬ್ಬೆಟ್ಟು ಒತ್ತಿಸಬೇಕು. ಐದು ದಿನ ಕಳೆದ ಮೇಲೆ ಪುಸ್ತಕ ಹಿರಿಯರ ಮಗಳ ಕೈ ಸೇರುತ್ತದೆ. ಪುಟಗಳಿಗೆ ಅಂಕಿ ಹಾಕಿದೆ, ಒಂದು ಹಾಳೆಯೂ ಹರಿಯಕೂಡದು ಎಂದು ಮೇಲಧಿಕಾರಿಗಳು ಎರಡೆರಡು ಸಲ ಎಚ್ಚರಿಸಿದ್ದರು.

ಮುತ್ತಣ್ಣನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ನಾಲ್ಕು ಜನಕ್ಕೆ ಹೇಳಿಕೊಳ್ಳುವ ಕೆಲಸವನ್ನು ನಲವತ್ತು ಜನಕ್ಕೆ ಹೇಳಿ, ಭಾವಮೈದುನನಿಗೆ ಫೋನು ಮಾಡಿ ಹೇಳಿ, ಕ್ಷೌರದವನಿಗೂ ಹೇಳಿ ಬಂದ. ಹಾಗೆಂದು ಅವನ ದುಃಖ ಸುಳ್ಳಲ್ಲ. ಸುದ್ದಿ ಬಂದ ಬೆಳಿಗ್ಗೆ ಅವನು ಅಡುಗೆಮನೆಯಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಿದ್ದ. ಇಪ್ಪತ್ತು ವರ್ಷದಿಂದ ಅವನ ಮೇಜಿನ ಗಾಜಿನ ಕೆಳಗಿದ್ದದ್ದು ಹೆಂಡತಿಯ ಫೋಟೋ ಅಲ್ಲ, ಹಿರಿಯರದು. ಆ ವಿಷಯಕ್ಕೆ ಹೆಂಡತಿಯ ತಕರಾರು ಇವತ್ತಿಗೂ ಮುಗಿದಿಲ್ಲ.

ಸಾಲಿನಲ್ಲಿ ಬಂದವರೆಲ್ಲರ ಬಾಯಲ್ಲೂ ಹಿರಿಯರ ಒಂದೊಂದು ಕಥೆ. ಬಡತನದಲ್ಲಿ ಔಷಧಿ ಸಿಗದೆ ಅವರ ತಾಯಿ ಕಣ್ಣು ಕಳೆದುಕೊಂಡಿದ್ದರು. ಅದಕ್ಕೇ ದೇಶದ ಅಧಿಕಾರ ಕೈಗೆ ಬಂದ ಮೊದಲ ವರ್ಷವೇ ಅರವತ್ತು ದಾಟಿದವರಿಗೆಲ್ಲ ಕಣ್ಣಿನ ಚಿಕಿತ್ಸೆ ಪುಕ್ಕಟೆ ಎಂದು ಕಾನೂನು ಮಾಡಿದರು. ಒಂದು ಅರ್ಜಿ, ಒಂದು ಚೀಟಿ, ಅಷ್ಟೆ. ಅಧಿಕಾರ ಬಿಟ್ಟ ಮೇಲೂ ವಾರಕ್ಕೊಂದು ದಿನ ಆಸ್ಪತ್ರೆಗೆ ಹೋಗಿ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದವರಿಗೆ ಪೇಪರು ಓದಿ ಹೇಳುತ್ತಿದ್ದರಂತೆ. ಕ್ರೀಡಾ ಪುಟ ಬಿಟ್ಟರೆ ರೋಗಿಗಳು ಅವರನ್ನೇ ಗದರಿಸುತ್ತಿದ್ದರಂತೆ. ಇದನ್ನು ಹೇಳುತ್ತಾ ಒಬ್ಬ ನರ್ಸು ನಕ್ಕು, ನಗುತ್ತಲೇ ಅತ್ತಳು. ಆ ಕಣ್ಣಿನ ಚೀಟಿಯನ್ನು ಈ ಊರಿನಲ್ಲಿ ಕೊಡುತ್ತಿದ್ದದ್ದು ಮೂರನೇ ಕಿಟಕಿಯಲ್ಲಿ.

ಎರಡನೆಯ ದಿನ ಮಧ್ಯಾಹ್ನ ಎಪ್ಪತ್ತರ ಸುಮಾರಿನ ಹೆಂಗಸೊಬ್ಬಳು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ತನಗೆ ಓದು ಬರಹ ಇಲ್ಲ, ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯಬೇಕು ಎಂದಳು. ಅದಕ್ಕೇನಂತೆ ಹೇಳಿ ಅಮ್ಮಾ ಎಂದು ಮುತ್ತಣ್ಣ ಪೆನ್ನಿನ ಮುಚ್ಚಳ ತೆಗೆದ.

"ಹಿರಿಯರೇ, ನಿಮ್ಮ ಕಣ್ಣಿನ ಚೀಟಿ ನಮ್ಮ ಮನೆಗೂ ಬಂತು," ಎಂದು ಅವಳು ಫೋಟೋ ನೋಡಿಕೊಂಡು ಹೇಳತೊಡಗಿದಳು. "ಬರೋ ಹೊತ್ತಿಗೆ ನಮ್ಮ ಯಜಮಾನರ ಎರಡೂ ಕಣ್ಣು ಹೋಗಿದ್ವು. ಏಳು ಸಲ ಅರ್ಜಿ ಕೊಟ್ಟೆ. ಏಳು ಸಲನೂ ಮೂರನೇ ಕಿಟಕಿಯವರು ಅಕ್ಷರ ಚೆನ್ನಾಗಿಲ್ಲ, ಬೇರೆ ಬರೆಸ್ಕೊಂಡು ಬಾ ಅಂತ ವಾಪಸ್ ತಳ್ಳಿದ್ರು. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ನಿಮಗೆ ಗೊತ್ತಿರ್ಲಿಲ್ಲ. ಗೊತ್ತಾಗ್ಲಿ ಅಂತ ಹೇಳ್ತಿದೀನಿ."

ಮುತ್ತಣ್ಣನ ಕೈ ಅಲ್ಲೇ ನಿಂತಿತು. ಮೂರನೇ ಕಿಟಕಿಗೆ ಮಸುಕು ಗಾಜು, ಕೆಳಗೆ ಕೈ ತೂರುವಷ್ಟು ಕಂಡಿ. ಅವನ ಮುಖವನ್ನು ಅವಳು ನೋಡಿರಲೇ ಇಲ್ಲ. ದನಿಯಿಂದ ಗುರುತು ಹಿಡಿಯೋಣವೆಂದರೆ ಕಿಟಕಿಯ ಹಿಂದಿನ ದನಿಗೂ ಈ ಹಜಾರದ ಮೆತ್ತನೆಯ ದನಿಗೂ ಅಜಗಜಾಂತರ. ಅವನಿಗೆ ಅವಳ ನೆನಪಿರಲಿಲ್ಲ, ಅರ್ಜಿ ಮಾತ್ರ ನೆನಪಿತ್ತು. ಸೊಟ್ಟ ಸೊಟ್ಟ ಸಾಲು, ಚಿತ್ತು, ಅಲ್ಲಲ್ಲಿ ಒದ್ದೆ ಕೈಯ ಕಲೆ. ಅಂಥದ್ದನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಲಂಚಕ್ಕೆ ಎಂದೂ ಕೈಚಾಚಿದವನಲ್ಲ ಅವನು. ಆ ಹೆಮ್ಮೆಯ ಮರೆಯಲ್ಲಿ, ಸೊಟ್ಟ ಅಕ್ಷರದ ಅರ್ಜಿ ವಾಪಸ್ ತಳ್ಳುವ ಈ ಚಟವನ್ನು ಶಿಸ್ತು ಎಂದುಕೊಂಡು ಬಂದಿದ್ದ.

ಇದನ್ನು ಹಿರಿಯರ ಮಗಳು ಓದುತ್ತಾಳೆ ಎಂಬುದು ಒಂದು ಭಯ. ಅದಕ್ಕಿಂತ ದೊಡ್ಡದು, ಫೋಟೋದಲ್ಲಿರುವವರಿಗೆ ಗೊತ್ತಾಗಿಬಿಡುತ್ತದೆ ಎಂಬ ಹುಚ್ಚು ಭಯ. ಅವನು ಬರೆದ: 'ಹಿರಿಯರೇ, ನಿಮ್ಮ ಕಣ್ಣಿನ ಚೀಟಿಯಿಂದ ನಮ್ಮ ಮನೆಗೆ ಬೆಳಕು ಬಂತು. ನಿಮ್ಮ ಉಪಕಾರವನ್ನು ಉಸಿರಿರುವವರೆಗೂ ಮರೆಯುವುದಿಲ್ಲ.' ಅವಳು ಓದಿ ಹೇಳು ಅಂದಾಗ, ಪುಟದ ಮೇಲೆ ಕಣ್ಣಿಟ್ಟು, ಅವಳು ಹೇಳಿದ್ದನ್ನೇ ಗಿಣಿಯ ಹಾಗೆ ಒಪ್ಪಿಸಿದ. ಮೂರನೇ ಕಿಟಕಿಯನ್ನೂ ಬಿಡಲಿಲ್ಲ. ಅವಳು ಹೆಬ್ಬೆಟ್ಟು ಒತ್ತಿ, "ನಿನ್ನ ಹೊಟ್ಟೆ ತಣ್ಣಗಿರ್ಲಿ ಅಪ್ಪಾ," ಎಂದು ಎದ್ದು ಹೋದಳು.

ಅಂದು ಮನೆಯಲ್ಲಿ ಅವನಿಗೆ ಊಟ ಸೇರಲಿಲ್ಲ. ಹಿರಿಯರ ಕೊರಗೆಂದು ಹೆಂಡತಿ ಸಮಾಧಾನ ಹೇಳಿದಳು. ಆ ಸಮಾಧಾನವನ್ನೂ ಕದ್ದ ಮಾಲಿನಂತೆ ಸುಮ್ಮನೆ ಇಟ್ಟುಕೊಂಡ.

ನಾಲ್ಕನೆಯ ದಿನ ಮುದುಕಿ ಮತ್ತೆ ಬಂದಳು. ಜೊತೆಯಲ್ಲಿ ಸೊಸೆ, ಲಾಂಡ್ರಿಯಲ್ಲಿ ಬಟ್ಟೆ ಒಗೆಯುವವಳು, ಸೋಪಿನ ನೀರಿಗೆ ಬೆರಳೆಲ್ಲ ಸುಕ್ಕುಗಟ್ಟಿದವಳು. ತಾನು ಹಿರಿಯರಿಗೆ ಹೇಳಿದ ಮಾತನ್ನು ಸೊಸೆಗೆ ತೋರಿಸಬೇಕಂತೆ. ಮುತ್ತಣ್ಣ ಏನೋ ನೆಪ ಹುಡುಕುವಷ್ಟರಲ್ಲಿ ಸೊಸೆಯೇ ಹಾಳೆ ಮಗುಚಿ, ಹೆಬ್ಬೆಟ್ಟಿನ ಕೆಳಗಿನ ಅತ್ತೆಯ ಹೆಸರು ಹುಡುಕಿ, ಅರವತ್ತೆಂಟನೇ ಪುಟವನ್ನು ಗಟ್ಟಿಯಾಗಿ ಓದಿದಳು. ಬೆಳಕು ಬಂತು ಎಂಬಲ್ಲಿಗೆ ಬರುವಾಗ ಅವಳ ದನಿ ಸಣ್ಣದಾಯಿತು.

ಮುದುಕಿಗೆ ಕೆಂಡದಂಥ ಸಿಟ್ಟು ಬಂತು. ಅದು ಬಂದದ್ದು ಮುತ್ತಣ್ಣನ ಮೇಲಲ್ಲ.

"ಓದೋಕೆ ಬರ್ದೇ ಇದ್ರೆ ಸುಮ್ನಿರು," ಎಂದು ಸೊಸೆಯನ್ನು ಗದರಿದಳು. "ನಿನ್ನ ಕಾಗೆಕಾಲು ಗುಬ್ಬಿಕಾಲು ಅಕ್ಷರದಿಂದ ನಿಮ್ಮ ಮಾವನ ಕಣ್ಣು ಹೋಯ್ತು, ಈಗ ಇದೊಂದು ಬಾಕಿ ಇತ್ತು. ಅಪ್ಪಾ, ನೀನೇ ಓದಪ್ಪ. ಮೊನ್ನೆ ಓದಿದ ಹಾಗೇ ಓದು."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೊಸೆ ತಲೆ ತಗ್ಗಿಸಲಿಲ್ಲ, ಮುತ್ತಣ್ಣನನ್ನೇ ನೋಡಿದಳು. ಮನೆಯಲ್ಲಿ ವರ್ಷಗಟ್ಟಲೆ ಈ ಬೈಗುಳ ತಿಂದು ರೂಢಿಯಾದವಳ ನೋಟ ಅದು. ಏಳು ಸಲ ಕಿಟಕಿಯಿಂದ ತಳ್ಳಿದ ಕಾಗದ ಎಲ್ಲಿಗೆ ಹೋಗಿ ಬಿತ್ತು ಎಂದು ಅವನಿಗೆ ಆಗ ಗೊತ್ತಾಯಿತು. ಮುದುಕನ ಕಣ್ಣೊಂದೇ ಅಲ್ಲ, ಈ ಹೆಣ್ಣುಮಗಳ ಮಾನವೂ ಅದರಡಿ ಸಿಕ್ಕಿತ್ತು. ಈಗ ಮತ್ತೊಮ್ಮೆ ಹಳೆಯ ಹಾಗೇ ಓದಿಬಿಟ್ಟರೆ ಅವನು ಪಾರು. ಮುದುಕಿ ನಂಬುವುದು ಅವನನ್ನೇ. ಅವನು ಪುಸ್ತಕವನ್ನು ಸೊಸೆಯ ಕಡೆಗೇ ಸರಿಸಿದ.

"ಇವರು ಓದಿದ್ದೇ ಸರಿ ಅಮ್ಮಾ. ನಾನು ಬೇರೆ ಬರೆದೆ," ಎಂದ. ಮುದುಕಿಗೆ ತಿಳಿಯಲಿಲ್ಲವೆಂದು ಕಂಡು ಮುಂದುವರಿದ: "ಮೂರನೇ ಕಿಟಕೀಲಿ ಕೂರೋನು ನಾನೇ. ಇವರ ಅಕ್ಷರ ನನಗೆ ಓದೋಕೆ ಬಂತು. ಏಳು ಸಲನೂ ಬಂತು."

ಮುದುಕಿ ಪುಟದ ಮೇಲಿನ ತನ್ನ ಹೆಬ್ಬೆಟ್ಟಿನ ನೀಲಿ ಗುರುತನ್ನು ನೋಡಿದಳು. ಆಮೇಲೆ ಅಪ್ಪಾ ಎನ್ನುವುದನ್ನು ಬಿಟ್ಟು, ನೀವು ಎಂದಳು.

"ನನ್ನ ಹೆಬ್ಬೆಟ್ಟು ವಾಪಸ್ ಕೊಡಿ. ಹಿರಿಯರಂಥವರ ಮುಂದೆ ನಾನು ಸುಳ್ಳಿಗೆ ಹೆಬ್ಬೆಟ್ಟು ಒತ್ತೋಳಲ್ಲ."

ಹಾಳೆ ಹರಿಯುವ ಹಾಗಿಲ್ಲ ಎಂದು ಅವನು ತೊದಲಿದ. ತಾನು ಬರೆದದ್ದರ ಮೇಲೆ ಅಡ್ಡಗೆರೆ ಎಳೆದು, ಇದು ಈ ತಾಯಿಯ ಮಾತಲ್ಲ, ನನ್ನ ಸುಳ್ಳು ಎಂದು ಪಕ್ಕದಲ್ಲಿ ಬರೆದ. ಅವನ ಅಕ್ಷರವೂ ಸೊಟ್ಟಗಾಯಿತು. ಹೊಸ ಪುಟ ತೆಗೆದು, ಮತ್ತೆ ಹೇಳಿ ಬರೆಯುತ್ತೇನೆ ಎಂದ. ನಿಮ್ಮ ಕೈಯಲ್ಲಿ ಬೇಡ ಎಂದಳು ಮುದುಕಿ. ಪೆನ್ನನ್ನು ಅವನಿಂದ ತೆಗೆದು ಸೊಸೆಗೆ ಕೊಟ್ಟಳು.

ಸೊಸೆ ಕೂತು, ತುಟಿ ಕಚ್ಚಿಕೊಂಡು, ಅತ್ತೆ ಹೇಳಿದಂತೆ ಬರೆಯುತ್ತಾ ಹೋದಳು. ಪುಸ್ತಕ ಮಡಚಿಕೊಳ್ಳದಂತೆ ಮುತ್ತಣ್ಣ ಎರಡು ಕೈಯಲ್ಲಿ ಒತ್ತಿ ಹಿಡಿದು ನಿಂತ. ಮೂರನೇ ಕಿಟಕಿ ಎಂಬಲ್ಲಿಗೆ ಬಂದು ಅವಳು ಬರವಣಿಗೆ ನಿಲ್ಲಿಸಿದಳು.

"ಹೆಸರು ಏನು ಬರೀಲಿ?"

ಅವನು ತನ್ನ ಹೆಸರು ಹೇಳಿದ. ಅವಳಿಗೆ ಕೇಳಿಸಲಿಲ್ಲವಂತೆ. ಇನ್ನೊಂದು ಸಲ, ಸಾಲಿನ ಕೊನೆಯಲ್ಲಿ ನಿಂತವರಿಗೂ ಕೇಳುವಷ್ಟು ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕಾಯಿತು.